ಅದು ‘ಅಲೋ’ ಅಂತಿದೆ: ಜಗತ್ತಿನ ಕಂಪ್ಯೂಟರ್ ರಿಪೇರಿ ಮಾಡಿದ ಬೆಂಗಳೂರಿನ ಕಥೆ

ಇವತ್ತಿನ ಸಂಚಿಕೆ ಶುರುವಾಗೋದು 1994ರ ಮಾರ್ಚ್ ತಿಂಗಳಲ್ಲಿ, ಅಮೆರಿಕದಲ್ಲಿ. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಒಂದು ವರದಿ ಬಂತು. ಕಂಪ್ಯೂಟರ್ ಕಂಪನಿಗಳ ಹೆಲ್ಪ್‌ಲೈನಿಗೆ ಜನ ಎಂತೆಂಥಾ ಪ್ರಶ್ನೆ ಕೇಳ್ತಾರೆ ಅನ್ನೋದರ ಬಗ್ಗೆ. ಒಬ್ಬರು ಮೌಸನ್ನು ನೆಲದ ಮೇಲಿಟ್ಟು ಹೊಲಿಗೆ ಯಂತ್ರದ ಪೆಡಲ್ ಥರ ಕಾಲಲ್ಲಿ ಒತ್ತುತ್ತಿದ್ದರಂತೆ. ಇನ್ನೊಬ್ಬರು ಫ್ಯಾಕ್ಸ್ ಕಳಿಸಬೇಕು ಅಂತ ಕಾಗದವನ್ನು ಮಾನಿಟರ್ ಮುಂದೆ ಹಿಡಿದುಕೊಂಡು ಸೆಂಡ್ ಒತ್ತುತ್ತಿದ್ದರಂತೆ. ಕಾಂಪ್ಯಾಕ್ ಕಂಪನಿಗಂತೂ ಒಂದೇ ಪ್ರಶ್ನೆ ಎಷ್ಟು ಸಲ ಬಂತು ಅಂದ್ರೆ, ಪರದೆ ಮೇಲಿನ ಆ ವಾಕ್ಯವನ್ನೇ ಬದಲಾಯಿಸೋಣ ಅಂತ ಅವರು ಯೋಚಿಸಿದರು. ವಾಕ್ಯ ಇಷ್ಟೇ: ‘ಪ್ರೆಸ್ ಎನಿ ಕೀ’. ಜನ ಫೋನ್ ಮಾಡಿ ಕೇಳ್ತಿದ್ದರು, ‘ಎಲ್ಲಾ ಹುಡುಕಿದೆ, ಎನಿ ಅನ್ನೋ ಕೀ ಎಲ್ಲಿದೆ?’

ಮೂವತ್ತು ವರ್ಷದಿಂದ ಜಗತ್ತು ಈ ಜೋಕಿಗೆ ನಗ್ತಾ ಇದೆ. ನನಗೆ ಇದು ಅಷ್ಟು ದೊಡ್ಡ ಜೋಕ್ ಅನ್ನಿಸಲ್ಲ. ಒಂದು ಕೀ ಮೇಲೆ ಎಂಟರ್ ಅಂತಿದೆ, ಇನ್ನೊಂದರ ಮೇಲೆ ಎಸ್ಕೇಪ್ ಅಂತಿದೆ. ಹಾಗಾದರೆ ಎನಿ ಅಂತಲೂ ಒಂದು ಇರಬೇಕು ಅಂದುಕೊಂಡರೆ ಅದರಲ್ಲಿ ದಡ್ಡತನ ಏನು ಬಂತು? ತಮಾಷೆ ಅಂದ್ರೆ, ಅದೇ ವಾಕ್ಯ ಕನ್ನಡದಲ್ಲಿದ್ದಿದ್ದರೆ ಈ ಗೊಂದಲವೇ ಆಗ್ತಿರಲಿಲ್ಲ. ‘ಯಾವುದಾದರೂ ಒಂದು ಕೀ ಒತ್ತಿ’ ಅಂದಮೇಲೆ ಯಾವುದಾದರೂ ಅನ್ನೋ ಕೀಯನ್ನು ಯಾರು ಹುಡುಕ್ತಾರೆ? ತಪ್ಪು ಕೇಳಿದವರದಲ್ಲ, ವಾಕ್ಯ ಬರೆದವರದು. ಆದರೆ ಬರೆದವರು ಫೋನ್ ಎತ್ತಲ್ಲ. ಫೋನ್ ಎತ್ತೋರು ಬೇರೆ. ಯಂತ್ರ ಮಾಡಿದವರೊಬ್ಬರು, ಬೈಸಿಕೊಳ್ಳೋರು ಇನ್ನೊಬ್ಬರು. ಈ ಏರ್ಪಾಡು ಹೇಗೆ ಶುರುವಾಯ್ತು, ಅದು ನಮ್ಮ ಬೆಂಗಳೂರಿನ ತನಕ ಹೇಗೆ ಬಂತು ಅನ್ನೋದೇ ಇವತ್ತಿನ ಕಥೆ.

ಮೊದಲು ಸ್ವಲ್ಪ ಹಿಂದೆ ಹೋಗೋಣ, 1878ಕ್ಕೆ. ಟೆಲಿಫೋನ್ ಹುಟ್ಟಿ ಇನ್ನೂ ಎರಡು ವರ್ಷ. ಅಮೆರಿಕದ ನ್ಯೂ ಹೇವನ್ ಊರಲ್ಲಿ ಆ ವರ್ಷ ಅಚ್ಚಾದ ಡೈರೆಕ್ಟರಿಯಲ್ಲಿ ಫೋನ್ ಬಳಸೋದು ಹೇಗೆ ಅಂತ ಸೂಚನೆಗಳಿದ್ದವು. ಮಾತು ಹೇಗೆ ಶುರು ಮಾಡಬೇಕು, ಮುಗಿಯಿತು ಅಂತ ಹೇಗೆ ತಿಳಿಸಬೇಕು, ಎಲ್ಲಾ. ಇವತ್ತು ಹುಟ್ಟುತ್ತಲೇ ಗೊತ್ತಿರುತ್ತೆ ಅನ್ನೋ ಥರ ನಾವು ಮಾಡೋ ಕೆಲಸವನ್ನು ಆಗ ಯಾರಾದರೂ ಹೇಳಿಕೊಡಬೇಕಿತ್ತು. ಅದೇ ವರ್ಷ ಬಾಸ್ಟನ್‌ನಲ್ಲಿ ಎಮ್ಮಾ ನಟ್ ಅನ್ನೋ ಹೆಣ್ಣುಮಗಳು ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದರು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಅಂತ ಅವರನ್ನ ಗುರುತಿಸ್ತಾರೆ. ಅವರಿಗೂ ಮುಂಚೆ ಹುಡುಗರನ್ನು ಇಟ್ಟುಕೊಂಡಿದ್ದರು. ಹುಡುಗರು ಕರೆ ಮಾಡಿದವರ ಮೇಲೇ ರೇಗಾಡ್ತಿದ್ದರು, ಕೀಟಲೆ ಮಾಡ್ತಿದ್ದರು. ಹಾಗಾಗಿ ಕಂಪನಿಗಳು ಹೆಂಗಸರ ಕಡೆ ತಿರುಗಿದವು. ಸಹನೆ ಹೆಚ್ಚು, ಸಂಬಳ ಕಡಿಮೆ. ಮುಂದೆ ಈ ಉದ್ಯಮ ಯಾವ ಊರಿಗೆ ಹೋದರೂ ಹುಡುಕಿದ್ದು ಈ ಎರಡನ್ನೇ.

ನಮ್ಮ ದೇಶದಲ್ಲಿ ಕಥೆ ಬೇರೆ ಥರ. ಫೋನ್ ಸರ್ಕಾರದ್ದು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. 80ರ ದಶಕದ ಆರಂಭದಲ್ಲಿ ಸಂಪರ್ಕ ಸಚಿವರಾಗಿದ್ದ ಸಿ.ಎಂ. ಸ್ಟೀಫನ್ ಅವರ ಬಗ್ಗೆ ಒಂದು ಪ್ರಸಂಗ ಇವತ್ತಿಗೂ ಓಡಾಡುತ್ತೆ. ಫೋನ್ ಸರಿಯಿಲ್ಲ ಅಂತ ಸಂಸತ್ತಿನಲ್ಲಿ ದೂರು ಬಂದಾಗ, ಫೋನ್ ಅನ್ನೋದು ಹಕ್ಕಲ್ಲ, ಐಷಾರಾಮ, ಬೇಡದವರು ವಾಪಸ್ ಕೊಡಬಹುದು, ಕಾಯ್ತಾ ಇರೋರು ಬೇಕಾದಷ್ಟಿದ್ದಾರೆ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರಂತೆ. ಕಸ್ಟಮರ್ ಕೇರ್ ಇತಿಹಾಸದಲ್ಲೇ ಇದಕ್ಕಿಂತ ಪ್ರಾಮಾಣಿಕ ಉತ್ತರ ನಾನು ಕೇಳಿಲ್ಲ.

ಆದರೆ ಆ ಕಾಲದ ಇನ್ನೊಂದು ಮುಖವನ್ನೂ ಹೇಳಬೇಕು. ಫೋನ್ ಕೆಟ್ಟರೆ ಪಕ್ಕದ ಮನೆಯಿಂದ 198ಕ್ಕೆ ಡಯಲ್ ಮಾಡಿ ದೂರು ಬರೆಸಬೇಕಿತ್ತು. ಆಮೇಲೆ ಲೈನ್‌ಮನ್ ಬರಬೇಕು. ಅವರು ಯಾವಾಗ ಬರ್ತಾರೋ ದೇವರಿಗೇ ಗೊತ್ತು. ಆದರೆ ಅವರ ಹೆಸರು ಗೊತ್ತಿರ್ತಿತ್ತು, ಯಾವ ಹೋಟ್ಲಲ್ಲಿ ಕಾಫಿ ಕುಡೀತಾರೆ ಅಂತ ಗೊತ್ತಿರ್ತಿತ್ತು. ಬಂದರೆ ಕೆಟ್ಟಿರೋ ವೈರನ್ನು ಅವರೂ ನೋಡ್ತಾರೆ, ನೀವೂ ನೋಡ್ತೀರ. ‘ಇಲ್ಲಿ ನೋಡಿ ಸ್ವಾಮಿ, ಇಲಿ ಕಡಿದುಬಿಟ್ಟಿದೆ’ ಅಂತ ಬೆರಳಿಟ್ಟು ತೋರಿಸ್ತಾರೆ. ಇಬ್ಬರ ಕಣ್ಣೂ ಒಂದೇ ಕಡೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ನನ್ನ ಬಿ.ಕಾಂ. ಸ್ವಲ್ಪ ಕೆಲಸಕ್ಕೆ ಬರಲಿ. ಕಾಸ್ಟ್ ಅಕೌಂಟಿಂಗ್ ಪಾಠದಲ್ಲಿ ಕಾಸ್ಟ್ ಸೆಂಟರ್, ಪ್ರಾಫಿಟ್ ಸೆಂಟರ್ ಅಂತ ಬರುತ್ತಲ್ಲ, ಅಲ್ಲೇ ಈ ಕಥೆಯ ಬೀಗದ ಕೈ ಇರೋದು. ಕಂಪ್ಯೂಟರ್ ಮಾರೋ ವಿಭಾಗ ದುಡ್ಡು ತರುತ್ತೆ. ಮಾರಿದ ಮೇಲೆ ಸಹಾಯ ಮಾಡೋ ವಿಭಾಗ ದುಡ್ಡು ತಿನ್ನುತ್ತೆ. ಲೆಕ್ಕದ ಪುಸ್ತಕದಲ್ಲಿ ನಿಮ್ಮ ಪ್ರತಿಯೊಂದು ಫೋನ್ ಕರೆಯೂ ಖರ್ಚು. ಹಾಗಂತ ಎಲ್ಲರೂ ಹಾಗೇ ನೋಡಲಿಲ್ಲ. 80ರ ದಶಕದಲ್ಲಿ ಅಮೆರಿಕದ ಯೂಟಾ ರಾಜ್ಯದ ವರ್ಡ್‌ಪರ್ಫೆಕ್ಟ್ ಅನ್ನೋ ಕಂಪನಿ ಟೋಲ್ ಫ್ರೀ ನಂಬರಿನಲ್ಲಿ ಪುಕ್ಕಟೆ ಸಪೋರ್ಟ್ ಕೊಟ್ಟೇ ಹೆಸರು ಮಾಡಿತು. ಕಾಯ್ತಾ ಇರೋರಿಗೆ ಬೇಜಾರಾಗಬಾರದು ಅಂತ ರೇಡಿಯೋ ಜಾಕಿ ಥರದವರನ್ನೇ ಕೂರಿಸಿದ್ದರು. ಹಾಡು ಹಾಕೋದು, ನಡುನಡುವೆ ‘ಇನ್ನಿಷ್ಟು ನಿಮಿಷ ಕಾಯಬೇಕಾಗಬಹುದು’ ಅಂತ ನಿಜ ಹೇಳೋದು, ಇದೇ ಅವರ ಕೆಲಸ. ‘ನಿಮ್ಮ ಕರೆ ನಮಗೆ ಅಮೂಲ್ಯ’ ಅನ್ನೋ ರೆಕಾರ್ಡಿಂಗ್ ಕೇಳಿ ಕೇಳಿ ಕಿವಿ ಸವೆದಿರೋ ನಮಗೆ ಇದು ಪುರಾಣದ ಕಥೆ ಇದ್ದಂಗೆ. 90ರ ದಶಕದಲ್ಲಿ ಕಂಪ್ಯೂಟರಿನ ಬೆಲೆ ಇಳೀತಾ ಹೋಯ್ತು, ಕೊಳ್ಳೋರು ಹೆಚ್ಚಾದರು, ಕರೆಗಳೂ ಹೆಚ್ಚಾದವು. ಖರ್ಚು ಕಡಿಮೆ ಮಾಡೋದು ಹೇಗೆ ಅನ್ನೋ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು, ನಮ್ಮ ಊರು.

ಕಾರಣ ಬರೀ ಇಂಗ್ಲಿಷ್ ಅಲ್ಲ. ವಿದೇಶಿ ಕರೆಗಳ ಮೇಲೆ ವಿಎಸ್‌ಎನ್‌ಎಲ್‌ಗೆ ಇದ್ದ ಏಕಸ್ವಾಮ್ಯ 2002ರಲ್ಲಿ ಮುಗಿಯಿತು. ಅದೇ ವರ್ಷ ಚೆನ್ನೈನಿಂದ ಸಿಂಗಾಪುರಕ್ಕೆ ಸಮುದ್ರದಡಿ ಹೊಸ ಕೇಬಲ್ ಬಂತು. ಸಾವಿರಾರು ಮೈಲಿ ಆಚೆಯ ದನಿಯನ್ನು ಇಲ್ಲಿಗೆ ತರೋದು ಅಗ್ಗವಾಯ್ತು. ಅಮೆರಿಕದಲ್ಲಿ ಬೆಳಗಾದರೆ ನಮ್ಮಲ್ಲಿ ಸಂಜೆ. ಸಂಜೆ ಆರೂವರೆಗೆಲ್ಲ ಬಿಳಿ ಕ್ವಾಲಿಸ್‌ಗಳು ಗಲ್ಲಿಗಲ್ಲಿಯಲ್ಲಿ ಹಾರ್ನ್ ಹೊಡೆಯೋಕೆ ಶುರು. ಅಂದಹಾಗೆ ಆ ಕ್ವಾಲಿಸ್ ತಯಾರಾಗ್ತಿದ್ದದ್ದೂ ನಮ್ಮ ಬಿಡದಿಯಲ್ಲೇ. ಆ ಕಾಲದ ಬೆಂಗಳೂರಿಗೆ ಒಂದು ಲಾಂಛನ ಮಾಡಿ ಅಂದ್ರೆ ನಾನು ಗಾಜಿನ ಕಟ್ಟಡ ಬಿಟ್ಟು ಕ್ವಾಲಿಸ್ಸನ್ನೇ ಹಾಕ್ತೀನಿ.

ನಮ್ಮ ದೊಡ್ಡಪ್ಪನ ಮಗ 2004ರಲ್ಲಿ ವೈಟ್‌ಫೀಲ್ಡ್ ಕಡೆ ಒಂದು ಕಾಲ್ ಸೆಂಟರಿಗೆ ಸೇರಿದ. ಆಗ ನಾನು ಪ್ರೈಮರಿ ಸ್ಕೂಲು. ತಿಪಟೂರು ಹತ್ತಿರದ ನಮ್ಮ ಹಳ್ಳಿಗೆ ಅವನು ಬಂದಾಗ ಹಗಲೆಲ್ಲ ಮಲಗಿರ್ತಿದ್ದ. ಅಜ್ಜಿ ‘ಕಾವಲುಗಾರನ ಕೆಲಸ ಇರಬೇಕು ಪಾಪ’ ಅಂತಿದ್ದರು. ಈ ಸಂಚಿಕೆಗಾಗಿ ಮೊನ್ನೆ ಅಣ್ಣನ ಹತ್ರ ಎರಡು ಗಂಟೆ ಮಾತಾಡಿದೆ. ಮೊದಲು ಹೇಳಿದ್ದೇ ಟ್ರೇನಿಂಗ್ ಕಥೆ. ಬಾಯಿ ಮುಂದೆ ಒಂದು ತೆಳು ಕಾಗದ ಹಿಡಿದು ‘ಪೇಪರ್’ ಅನ್ನಬೇಕು. ಕಾಗದ ಅಲುಗಾಡಿದರೆ ಪಾಸು, ಇಲ್ಲದಿದ್ದರೆ ಇನ್ನೊಂದ್ಸಲ. ಅಮೆರಿಕದ ಪ ನಮ್ಮ ಪ ಅಲ್ಲ, ಹೆಚ್ಚುಕಮ್ಮಿ ಮಹಾಪ್ರಾಣ. ‘ಸ್ಕೂಲಲ್ಲಿ ಕನ್ನಡ ಮೇಷ್ಟ್ರು ಅಲ್ಪಪ್ರಾಣಕ್ಕೆ ಯಾಕೋ ಉಸಿರು ಬಿಡ್ತೀಯಾ ಅಂತ ಹೊಡೀತಿದ್ದರು, ಇಲ್ಲಿ ಉಸಿರು ಬಿಡಲಿಲ್ಲ ಅಂತ ಮಾರ್ಕ್ಸ್ ಕಟ್’ ಅಂದ. ‘ಎಂ’ ಅನ್ನೋದನ್ನ ‘ಯಂ’ ಅನ್ನಬಾರದು, ‘ಒನ್ಲಿ’ಯನ್ನ ‘ವನ್ಲಿ’ ಅನ್ನಬಾರದು. ಹೆಸರೂ ಬದಲು. ಅವನು ಲಾಗಿನ್ ಆದ ತಕ್ಷಣ ಸ್ಯಾಮ್.

ಸ್ಯಾಮ್ ಕೆಲಸ ಏನು ಗೊತ್ತಾ? ಇಂಟರ್ನೆಟ್ ಬರ್ತಿಲ್ಲ ಅಂತ ಫೋನ್ ಮಾಡೋ ಅಮೆರಿಕನ್ನರಿಗೆ ಮೋಡೆಮ್ ಸರಿ ಮಾಡಿಸೋದು. ತಲೆ ಮೇಲೆ ಒಂದು ಗಡಿಯಾರ. ಆವರೇಜ್ ಹ್ಯಾಂಡಲ್ ಟೈಮ್, ಅಂದ್ರೆ ಒಂದು ಕರೆಗೆ ಸರಾಸರಿ ಎಷ್ಟು ಹೊತ್ತು ಅನ್ನೋ ಲೆಕ್ಕ. ಕರೆ ಬಗೆಹರಿಸಿದರೆ ಒಂದು ಅಂಕ ನಿಜ, ಆದರೆ ಬೇಗ ಮುಗಿಸದಿದ್ದರೆ ತಿಂಗಳ ಕೊನೆಯಲ್ಲಿ ಇನ್ಸೆಂಟಿವ್ ಇಲ್ಲ. ಬೇಗ ಮುಗಿಸೋ ಸುಲಭ ದಾರಿ ಎಲ್ಲರಿಗೂ ಗೊತ್ತು. ‘ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ, ಸರಿಹೋಗದಿದ್ದರೆ ಮತ್ತೆ ಕರೆ ಮಾಡಿ’ ಅನ್ನೋದು. ಮತ್ತೆ ಕರೆ ಮಾಡಿದಾಗ ಅದು ಇನ್ಯಾರದೋ ತಲೆನೋವು. ನೀವು ಹೆಲ್ಪ್‌ಲೈನಿಗೆ ಮಾಡಿದಾಗ ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕಾಗುತ್ತಲ್ಲ, ಅದರ ಹಿಂದೆ ಎಷ್ಟೋ ಸಲ ಇಂಥದ್ದೊಂದು ಗಡಿಯಾರ ಇರುತ್ತೆ. ಆ ಹುಡುಗನ ಸೋಮಾರಿತನ ಅಲ್ಲ.

ಒಂದು ರಾತ್ರಿ ಒಹಾಯೋ ರಾಜ್ಯದಿಂದ ಒಬ್ಬ ಅಜ್ಜಿ ಕರೆ ಮಾಡಿದರಂತೆ. ‘ಮೋಡೆಮ್‌ನಲ್ಲಿ ಯಾವ ದೀಪ ಉರೀತಿದೆ?’ ‘ಎಲ್ಲಾ ಉರೀತಿದೆ ಮಗಾ.’ ‘ಮಿಣುಕ್ತಾ ಇದೆಯಾ, ನಿಂತಿದೆಯಾ?’ ‘ಅದನ್ನ ನೋಡೋಕೆ ಮೇಜಿನ ಕೆಳಗೆ ಹೋಗಬೇಕು, ಮಂಡಿ ನೋವು.’ ಫೋನ್ ಮೇಜಿನ ಮೇಲಿಟ್ಟು ಅಜ್ಜಿ ಕೆಳಗಿಳಿದು, ನೋಡಿ, ಎದ್ದು ಬಂದು ಹೇಳೋಕೆ ಐದು ನಿಮಿಷ. ಮುಂದಿನ ಪ್ರಶ್ನೆಗೆ ಮತ್ತೆ ಐದು ನಿಮಿಷ. ಅಣ್ಣ ಕಣ್ಮುಚ್ಚಿಕೊಂಡು ಆ ಮೇಜು, ಆ ಗೋಡೆ, ಆ ವೈರು ಎಲ್ಲವನ್ನೂ ತಲೆಯಲ್ಲೇ ಬಿಡಿಸಿಕೊಂಡನಂತೆ. ಕೊನೆಗೆ ನೋಡಿದರೆ ಫೋನಿನ ವೈರು ತಪ್ಪು ತೂತಿಗೆ ಹೋಗಿತ್ತು. 52 ನಿಮಿಷ. ಅಜ್ಜಿ ಹತ್ತಾರು ಸಲ ಥ್ಯಾಂಕ್ಸ್ ಹೇಳಿದರು. ಬೆಳಿಗ್ಗೆ ಟೀಮ್ ಲೀಡರ್ ಕರೆದು ವಾರ್ನಿಂಗ್ ಕೊಟ್ಟರು. ‘ನಾನು ಆ ಕೆಲಸದಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅಂತಿದ್ರೆ ಅವತ್ತೊಂದೇ ದಿನ’ ಅಂತಾನೆ ಅಣ್ಣ.

ಬೈಗುಳದ ಬಗ್ಗೆ ಅವನು ಹೆಚ್ಚು ಹೇಳಲಿಲ್ಲ. ಮ್ಯೂಟ್ ಬಟನ್ ಬಗ್ಗೆ ಮಾತ್ರ ಹೇಳಿದ. ಆ ಕಡೆಯವರು ಕೂಗಾಡುವಾಗ ಮ್ಯೂಟ್ ಒತ್ತಿ ಕನ್ನಡದಲ್ಲಿ ಬೈದುಕೊಂಡು, ಮ್ಯೂಟ್ ತೆಗೆದು ‘ಐ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಶನ್’ ಅನ್ನೋದು. ಆ ಕಡೆಯವರಿಗೂ ಕಾರಣ ಇತ್ತು ಅನ್ನಿ. ಕಾದು ಕಾದು ಸಿಕ್ಕವರು ಸ್ಕ್ರಿಪ್ಟ್ ಓದ್ತಾರೆ. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದ್ದೀನಿ ಅಂದರೂ ಐದನೇ ಸಲ ಮಾಡಿ ಅಂತಾರೆ. 2003ರ ನವೆಂಬರಿನಲ್ಲಿ ಡೆಲ್ ಕಂಪನಿ, ಗ್ರಾಹಕರ ಅಸಮಾಧಾನದ ನಂತರ, ತನ್ನ ಕಾರ್ಪೊರೇಟ್ ಗ್ರಾಹಕರ ಕರೆಗಳನ್ನು ಬೆಂಗಳೂರಿಗೆ ಕಳಿಸೋದನ್ನು ನಿಲ್ಲಿಸಿತು. ಇದನ್ನ ಗಮನಿಸಿ: ಕಾರ್ಪೊರೇಟ್ ಗ್ರಾಹಕರದ್ದು ಮಾತ್ರ. ಮನೆಗೆ ಒಂದು ಕಂಪ್ಯೂಟರ್ ಕೊಂಡವರ ಕರೆಗಳು ಇಲ್ಲಿಗೇ ಬರ್ತಿದ್ದವು. ಯಾರ ಅಸಮಾಧಾನಕ್ಕೆ ಎಷ್ಟು ಬೆಲೆ ಅಂತ ಅಕೌಂಟ್ಸ್‌ನವರಿಗೆ ಚೆನ್ನಾಗಿ ಗೊತ್ತಿರುತ್ತೆ. ಅಷ್ಟೊತ್ತಿಗೆ ಅಮೆರಿಕದಲ್ಲಿ ‘ಬ್ಯಾಂಗಲೋರ್ಡ್’ ಅನ್ನೋ ಕ್ರಿಯಾಪದವೇ ಹುಟ್ಟಿಕೊಂಡಿತ್ತು. ಕೆಲಸ ಬೆಂಗಳೂರಿಗೆ ಹೋಗಿ ನಿನ್ನ ನೌಕರಿ ಹೋಯ್ತು ಅಂತ ಅರ್ಥ. ನಮ್ಮ ಊರಿನ ಹೆಸರು ಬೈಗುಳ ಆಗಿದ್ದು ಹೀಗೆ.

2005ರ ಡಿಸೆಂಬರಿನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿ ಯುವತಿಯೊಬ್ಬರನ್ನು, ಆಫೀಸ್ ಕ್ಯಾಬ್ ಅಂತ ಕರೆದುಕೊಂಡು ಹೋದ ಚಾಲಕ ಕೊಲೆ ಮಾಡಿದ. ಇಡೀ ನಗರ ನಡುಗಿತು. ರಾತ್ರಿ ಕ್ಯಾಬುಗಳಲ್ಲಿ ಹೆಣ್ಣುಮಕ್ಕಳ ಜೊತೆ ಸೆಕ್ಯುರಿಟಿ ಗಾರ್ಡ್ ಇರಬೇಕು, ಮೊದಲು ಹತ್ತೋರು ಕೊನೆಗೆ ಇಳಿಯೋರು ಅವರೇ ಆಗಬಾರದು ಅನ್ನೋ ಚರ್ಚೆ ಗಟ್ಟಿಯಾಗಿದ್ದು ಆಗಲೇ. ದೂರದ ಊರಿನವರ ಪ್ರಿಂಟರ್ ಸರಿ ಮಾಡೋಕೆ ಮಧ್ಯರಾತ್ರಿ ಮನೆ ಬಿಡಬೇಕಿತ್ತು. ಆ ಖರ್ಚು ಯಾವ ಲೆಕ್ಕದ ಪುಸ್ತಕದಲ್ಲೂ ಬರಲಿಲ್ಲ.

ಈಗ ಫೋನನ್ನು ತಿರುಗಿಸೋಣ. ಇಷ್ಟೆಲ್ಲಾ ಜನಕ್ಕೆ ಸಹಾಯ ಮಾಡಿದ ಊರಿನ ಜನ, ತಮಗೆ ಸಹಾಯ ಬೇಕಾದಾಗ ಏನು ಮಾಡ್ತಾರೆ? 1800ರಿಂದ ಶುರುವಾಗೋ ನಂಬರ್ ಪುಕ್ಕಟೆ, 1860 ಪುಕ್ಕಟೆ ಅಲ್ಲ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಮೇಲೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’. ಟೆಲಿಕಾಂ ಕಂಪನಿಗಳಿಗೆ ಟ್ರಾಯ್ 2012ರಲ್ಲಿ ಮಾಡಿದ ನಿಯಮ ಬಹಳ ಚೆನ್ನಾಗಿದೆ. ಮೊದಲ ಹಂತದಲ್ಲಿ ಭಾಷೆ ಆರಿಸೋದು, ಎರಡನೇದರಲ್ಲಿ ವಿಷಯ, ಮೂರನೇ ಹಂತದಲ್ಲಿ ಮನುಷ್ಯರ ಜೊತೆ ಮಾತಾಡೋ ಆಯ್ಕೆ ಇರಲೇಬೇಕು. ಇಂಥ ನಿಯಮ ಬೇಕಾಯ್ತು ಅನ್ನೋದರಲ್ಲೇ ಪರಿಸ್ಥಿತಿ ಅರ್ಥ ಆಗುತ್ತೆ, ಅಲ್ವಾ? ಭಾಷೆ ಆರಿಸಿದರೂ ನೆಮ್ಮದಿ ಇಲ್ಲ. ಕನ್ನಡಕ್ಕೆ ಅಂತ ಒತ್ತಿ, ಹಾಡು ಕೇಳಿ, ಕೊನೆಗೆ ‘ಹಾಂಜೀ, ಬತಾಯಿಯೇ’ ಅನ್ನೋ ದನಿ ಕೇಳಿದ ಅನುಭವ ನನಗಿದೆ, ನಿಮಗೂ ಇರುತ್ತೆ.

2016 ಬಂತು. ಏಪ್ರಿಲ್‌ನಲ್ಲಿ ಯುಪಿಐ, ಸೆಪ್ಟೆಂಬರಿನಲ್ಲಿ ಜಿಯೋ, ನವೆಂಬರಿನಲ್ಲಿ ನೋಟು ರದ್ದು. ಒಂದೇ ವರ್ಷದೊಳಗೆ, ಕೀಬೋರ್ಡನ್ನೇ ಮುಟ್ಟದ ಕೋಟ್ಯಂತರ ಜನ ಸ್ಮಾರ್ಟ್‌ಫೋನಿನಲ್ಲಿ ದುಡ್ಡು ಕಳಿಸಬೇಕಾದ ಪರಿಸ್ಥಿತಿ ಬಂತು. ಇವರಿಗೆ ಹೆಲ್ಪ್‌ಡೆಸ್ಕ್ ಯಾರು? ನಾವೇ. ಸಂಬಳ ಇಲ್ಲದ, ಶಿಫ್ಟ್ ಇಲ್ಲದ, ರಜಾ ಇಲ್ಲದ ಸಪೋರ್ಟ್ ಸ್ಟಾಫ್.

ಅಣ್ಣ ದೊಡ್ಡಮ್ಮನಿಗೆ ಫೋನ್ ಕೊಡಿಸಿ ಬೆಂಗಳೂರಿಗೆ ಹೋದ. ಒಂದು ದಿನ ದೊಡ್ಡಮ್ಮ ಕರೆ ಮಾಡಿದರು. ‘ಪರದೆ ಮೇಲೆ ಏನೋ ಬಂದೈತೆ ಕಣೋ.’ ‘ಏನಂತ ಬಂದಿದೆ ಅಮ್ಮಾ, ಓದು.’ ‘ಅಲೋ ಅಂತೈತೆ. ನಾನೂ ಅಲೋ ಅನ್ನಲಾ?’

ಅಲೌ. ಪರ್ಮಿಷನ್ ಕೇಳೋ ಅಲೌ. ಅಕ್ಷರ ಕೂಡಿಸಿ ಓದಿದರೆ ಅಲೋ. ಫೋನ್ ಅಂದಮೇಲೆ ಅಲೋ ಅನ್ನೋದರಲ್ಲಿ ತಪ್ಪೇನಿದೆ? ‘ಒಹಾಯೋ ಅಜ್ಜಿಗೆ 52 ನಿಮಿಷ ಕೊಟ್ಟೋನು, ಅಮ್ಮಂಗೆ ಐದು ನಿಮಿಷಕ್ಕೆ ರೇಗಿಬಿಟ್ಟೆ’ ಅಂದ ಅಣ್ಣ. ಇದಕ್ಕೆ ನಾನು ಏನೂ ಹೇಳಲಿಲ್ಲ. ಅಮ್ಮಂದಿರ ಹತ್ರ ಮ್ಯೂಟ್ ಬಟನ್ ಇರಲ್ಲ.

ಆದರೆ ದೊಡ್ಡಮ್ಮ ತಾನೇ ಒಂದು ದಾರಿ ಮಾಡಿಕೊಂಡರು. ಸೆಟ್ಟಿಂಗ್ಸ್ ಅಂದ್ರೆ ‘ಹಲ್ಲು ಚಕ್ರ’. ಲೋಡಿಂಗ್ ಅಂದ್ರೆ ‘ಗರಗರ’. ಮೆನು ಅಂದ್ರೆ ‘ಮೂರು ಚುಕ್ಕಿ’. ಹೋಮ್ ಅಂದ್ರೆ ‘ಮನೆಗೆ ಬಾ’. ಈ ಪದಗಳನ್ನ ಅಣ್ಣ ಕಲಿತ ಮೇಲೆ ಫೋನಿನಲ್ಲಿ ಹೇಳಿಕೊಡೋದು ಸುಲಭ ಆಯ್ತು. ಆಗ ಲೈನ್‌ಮನ್ ಬೆರಳಿಟ್ಟು ತೋರಿಸಿದ ವೈರಿನ ಹಾಗೆ, ಇಬ್ಬರ ಕಣ್ಣೂ ಒಂದೇ ಕಡೆ. ಒಬ್ಬರು ತಿಪಟೂರಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ ಇದ್ದರೂ. ಕನ್ನಡ ಮೆನು ಇರೋ ಆ್ಯಪುಗಳಲ್ಲಿ ‘ಅನುಮತಿಸಿ’, ‘ಸಂಯೋಜನೆಗಳು’ ಅಂತೆಲ್ಲ ಬರುತ್ತಲ್ಲ, ಅದನ್ನ ದೊಡ್ಡಮ್ಮನಿಗೆ ತೋರಿಸಿದೆ. ‘ಇದು ಇಂಗ್ಲೀಷಿಗಿಂತ ಕಷ್ಟ’ ಅಂದರು. ‘ಪ್ರೆಸ್ ಎನಿ ಕೀ’ ಬರೆದವರ ನೆಂಟರು ಕನ್ನಡದಲ್ಲೂ ಇದ್ದಾರೆ.

ಇದೆಲ್ಲ ನಗೋ ವಿಷಯವಾಗಿ ಉಳಿದಿದ್ದರೆ ಚೆನ್ನಾಗಿರ್ತಿತ್ತು. ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಒಂದು ಪೇಮೆಂಟ್ ಅರ್ಧಕ್ಕೆ ನಿಂತಿತ್ತು. ಹೆಲ್ಪ್‌ಲೈನ್ ಸಿಗಲಿಲ್ಲ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿದರು, ಒಂದು ಮೊಬೈಲ್ ನಂಬರ್ ಸಿಕ್ಕಿತು. ಮೊದಲ ರಿಂಗಿಗೇ ಎತ್ತಿದರು. ಸರ್ ಅಂದರು. ಕನ್ನಡದಲ್ಲಿ ಮಾತಾಡಿದರು. ಅವಸರ ಮಾಡಲಿಲ್ಲ. ಮೇಷ್ಟ್ರು ಕನ್ನಡಕ ಹುಡುಕೋ ತನಕ ಕಾದರು. ಒಂದು ಆ್ಯಪ್ ಹಾಕಿಸಿದರು, ‘ನಿಮ್ಮ ಪರದೆ ನನಗೂ ಕಾಣುತ್ತೆ ಸರ್, ನಿಮಗೆ ಸುಲಭ ಆಗುತ್ತೆ’ ಅಂದರು. 48 ಸಾವಿರ ಹೋಯ್ತು.

ಎನಿಡೆಸ್ಕ್ ಥರದ ಆ್ಯಪುಗಳ ಮೂಲಕ ಹೀಗೆ ಮೋಸ ಆಗ್ತಿದೆ ಅಂತ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನ ಎಚ್ಚರಿಸಿತ್ತು. ಆ್ಯಪ್ ಕೆಟ್ಟದ್ದಲ್ಲ, ಸಪೋರ್ಟ್ ಕೊಡೋರಿಗಾಗಿಯೇ ಮಾಡಿದ್ದು. ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಒಳ್ಳೆ ಸಪೋರ್ಟ್ ಅಂದ್ರೆ ಏನು ಅಂತ ಪಟ್ಟಿ ಮಾಡಿದರೆ ಏನೇನು ಬರುತ್ತೆ? ಬೇಗ ಫೋನ್ ಎತ್ತೋದು, ನಮ್ಮ ಭಾಷೆ, ತಾಳ್ಮೆ, ಇಬ್ಬರ ಕಣ್ಣಿಗೂ ಒಂದೇ ಪರದೆ. ಖರ್ಚು ಅಂತ ಅಸಲಿಯವರು ಒಂದೊಂದಾಗಿ ಕೈಬಿಟ್ಟಿದ್ದನ್ನ ಕಳ್ಳರು ಎತ್ತಿಕೊಂಡಿದ್ದಾರೆ. ಅವರ ಲೆಕ್ಕದಲ್ಲಿ ಸಪೋರ್ಟ್ ಅನ್ನೋದು ಪ್ರಾಫಿಟ್ ಸೆಂಟರ್. ಮೇಷ್ಟ್ರು ದುಡ್ಡಿಗಿಂತ ಹೆಚ್ಚಾಗಿ ಒಂದು ಮಾತಿಗೆ ನೊಂದುಕೊಂಡಿದ್ದರು. ‘ಅಷ್ಟು ಮರ್ಯಾದೆಯಿಂದ ಮಾತಾಡಿದ ಕಣಪ್ಪ’ ಅಂತ.

ಕೆಲಸಕ್ಕೆ ಬರೋ ಎರಡು ವಿಷಯ ಹೇಳಿಬಿಡ್ತೀನಿ. ದುಡ್ಡು ಪಡೆಯೋಕೆ ಯುಪಿಐ ಪಿನ್ ಹಾಕಬೇಕಾಗಿಲ್ಲ, ಪಿನ್ ಕೇಳ್ತಿದೆ ಅಂದ್ರೆ ದುಡ್ಡು ಹೋಗ್ತಿದೆ. ಹೋಗಿಬಿಟ್ಟರೆ ನಾಚಿಕೆ ಪಡ್ಕೊಂಡು ಕೂರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ನಡುವೆಯೇ ತಡೆಯೋ ಸಾಧ್ಯತೆ ಹೆಚ್ಚು. ಮನೆಯಲ್ಲಿ ಹಿರಿಯರಿದ್ದರೆ ಆ ನಂಬರನ್ನ ಫೋನಿನಲ್ಲಿ ಸೇವ್ ಮಾಡಿದರೆ ಸಾಲದು, ಕ್ಯಾಲೆಂಡರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಮತ್ತೆ, ನಿಮ್ಮ ಮನೆಯಲ್ಲಿ ಬ್ಯಾಕ್ ಬಟನ್‌ಗೆ ಏನಂತಾರೆ? ದೊಡ್ಡಮ್ಮನ ಹತ್ರ ಅದಕ್ಕೆ ಇನ್ನೂ ಪದ ಇಲ್ಲ, ‘ಆ ಬಾಗಿದ್ದು’ ಅಂತಾರೆ ಅಷ್ಟೇ. ಮಂಗಳೂರು, ಕಲಬುರಗಿ, ಧಾರವಾಡ ಕಡೆಯವರು ಬೇರೆ ಏನಾದರೂ ಅಂತಿರಬೇಕು. ಅಮ್ಮ, ಅಜ್ಜಿ, ಮಾವ, ಯಾರ ದನಿಯಲ್ಲಾದರೂ ಸರಿ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.